ಬಿಲ್ ಡಿಸ್ಕೌಂಟಿಂಗ್ ಲೆಡ್ಜರ್: ಪ್ಯಾನ್, ಜಿಎಸ್‌ಟಿ ನಂಬರ್ ಹ್ಯಾಶ್ ಮಾಡಿ ಹಾಕಿದರೆ ಸಾಕೇ?

ಬಿಲ್‌ಪುಸ್ತಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾಲ್ಕು ಎನ್‌ಬಿಎಫ್‌ಸಿಗಳು (ಬ್ಯಾಂಕಲ್ಲದ ಸಾಲ ಸಂಸ್ಥೆಗಳು) ಸೇರಿ ಬಳಸುವ ಬಿಲ್ ಡಿಸ್ಕೌಂಟಿಂಗ್ ಲೆಡ್ಜರ್‌ನ, ಅಂದರೆ ಖರೀದಿದಾರರಿಂದ ಬರಬೇಕಾದ ಬಿಲ್ ಹಣವನ್ನು ಮುಂಚೆಯೇ ಕೊಡುವ ವ್ಯವಹಾರದ ಹಂಚಿಕೆಯ ಖಾತೆಪುಸ್ತಕದ, ವಿನ್ಯಾಸ ಸಿದ್ಧವಾಗುತ್ತಿದೆ. ಬಿಲ್ ತರುವವರು ಪೀಣ್ಯ, ಬೊಮ್ಮಸಂದ್ರ, ಬೆಳಗಾವಿ ಉದ್ಯಮಬಾಗ್ ಕಡೆಯ ಸಣ್ಣ ಘಟಕಗಳು. ಬಹುಪಾಲು ಒಬ್ಬರೇ ಮಾಲೀಕರಿರುವ ಪ್ರೊಪ್ರೈಟರ್‌ಶಿಪ್‌ಗಳು. ಲೆಡ್ಜರ್‌ಗೆ ಇರುವ ಕೆಲಸ ಒಂದೇ: ಒಂದೇ ಬಿಲ್ಲನ್ನು ಎರಡು ಕಡೆ ತೋರಿಸಿ ಎರಡು ಸಲ ಹಣ ಎತ್ತದ ಹಾಗೆ ನೋಡಿಕೊಳ್ಳುವುದು.

ಹೈಪರ್‌ಲೆಡ್ಜರ್ ಫ್ಯಾಬ್ರಿಕ್ 2.5 (ಅನುಮತಿ ಇದ್ದವರು ಮಾತ್ರ ಬಳಸುವ ಬ್ಲಾಕ್‌ಚೈನ್), ಒಂದೇ ಚಾನೆಲ್ (ನಾಲ್ವರೂ ಓದುವ ಲೆಡ್ಜರ್), ಒಬ್ಬೊಬ್ಬರಿಗೆ ಎರಡೆರಡು ಪಿಯರ್ (ಲೆಡ್ಜರ್‌ನ ಪ್ರತಿ ಇಡುವ ಕಂಪ್ಯೂಟರ್). ಈಗಿನ ಕರಡಿನ ಪ್ರಕಾರ ಪ್ರತಿ ಬಿಲ್‌ಗೂ ಜಿಎಸ್‌ಟಿ ನಂಬರ್, ಬಿಲ್ ನಂಬರ್, ಹಣಕಾಸು ವರ್ಷ ಮೂರನ್ನೂ ಸೇರಿಸಿ ಎಸ್‌ಎಚ್‌ಎ-256 ಹ್ಯಾಶ್ (ಹಿಂದಕ್ಕೆ ಬಿಡಿಸಲಾಗದ, ಬೆರಳಚ್ಚಿನಂಥ ಸಂಖ್ಯೆ) ಮಾಡಿ ಚಾನೆಲ್ ಮೇಲೆ ಬರೆಯುವುದು. ಇ-ಇನ್‌ವಾಯ್ಸ್ ಇದ್ದರೆ ನೇರವಾಗಿ ಅದರ ಐಆರ್‌ಎನ್ (ಇ-ಇನ್‌ವಾಯ್ಸ್‌ನ ಗುರುತಿನ ಸಂಖ್ಯೆ). ಮಾಲೀಕರ ಪ್ಯಾನ್ ಹ್ಯಾಶ್ ಮತ್ತು "ಕೆವೈಸಿ ಆಗಿದೆ" ಎಂಬ ಗುರುತು ಕೂಡ ಅಲ್ಲೇ. ಅನುಮಾನ ಬಂದ ಖಾತೆಗೆ ನಾಲ್ವರಿಗೂ ಕಾಣುವ ಕೆಂಪು ಗುರುತು. ಬಿಲ್‌ನ ಪಿಡಿಎಫ್, ಕೆವೈಸಿ ಕಾಗದಪತ್ರ ಪ್ರೈವೇಟ್ ಡೇಟಾ ಕಲೆಕ್ಷನ್‌ನಲ್ಲಿ (ಆಯ್ದ ಸಂಸ್ಥೆಗಳಷ್ಟೇ ನೋಡುವ ಜಾಗ). ಐದು ವರ್ಷಕ್ಕೆ ತಾನೇ ಅಳಿಯಲಿ ಎಂದು ಬ್ಲಾಕ್‌ಟುಲಿವ್ ಎಂಬ ಸೆಟ್ಟಿಂಗ್.

ಜಗ್ಗಾಟ ಇಲ್ಲಿದೆ. ಕಂಪ್ಲೈಯನ್ಸ್ ಕಡೆಯವರು "ಪಿಎಂಎಲ್‌ಎ (ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ) ಪ್ರಕಾರ ಎಲ್ಲವೂ ಲೆಡ್ಜರ್‌ನಲ್ಲೇ ಇರಬೇಕು, ಅಳಿಸುವ ಹಾಗಿಲ್ಲ" ಅಂತಾರೆ. ಡೇಟಾ ಸಂರಕ್ಷಣೆ ನೋಡಿಕೊಳ್ಳುವವರು "ಡಿಪಿಡಿಪಿ (ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ) ಕಾಯ್ದೆ ಬಂದಿದೆ, ಅಳಿಸಲಾಗದ ಜಾಗದಲ್ಲಿ ಪ್ಯಾನ್ ಇಡುವ ಹಾಗೇ ಇಲ್ಲ" ಅಂತಾರೆ. ಹ್ಯಾಶ್ ಮಾಡಿದ್ದೇವಲ್ಲ, ಅದು ಎರಡೂ ಕಡೆಗೆ ಸಮಾಧಾನ ಆಗುತ್ತದೆಯೇ? ಮುಂದೆ ಇದೇ ಬಿಲ್‌ಗಳನ್ನು ಪಬ್ಲಿಕ್ ಚೈನ್‌ನಲ್ಲಿ (ಯಾರು ಬೇಕಾದರೂ ಓದಬಹುದಾದ ಬ್ಲಾಕ್‌ಚೈನ್‌ನಲ್ಲಿ) ಕೈ ಬದಲಾಯಿಸಬಹುದಾದ ಟೋಕನ್ ಮಾಡುವ ಮಾತೂ ಇದೆ. ಅದಕ್ಕೆ ಈಗಲೇ ಏನು ಯೋಚಿಸಿಟ್ಟುಕೊಳ್ಳಬೇಕು?

ಹ್ಯಾಶಿಗೆ_ಉಪ್ಪು

ಸಮಾಧಾನ ಆಗುವುದಿಲ್ಲ. ಊಹಿಸಬಹುದಾದ ವಿಷಯವನ್ನು ಹ್ಯಾಶ್ ಮಾಡಿದರೆ ಅದು ಗುಟ್ಟಾಗಿ ಉಳಿಯುವುದಿಲ್ಲ. ಲೆಕ್ಕ ಹಾಕಿಯೇ ನೋಡೋಣ.

ಪ್ಯಾನ್‌ನಲ್ಲಿ ಹತ್ತು ಅಕ್ಷರ. ಮೊದಲ ಮೂರು ಇಂಗ್ಲಿಷ್ ಅಕ್ಷರ ಏನಾದರೂ ಇರಬಹುದು. ನಾಲ್ಕನೆಯದು ವ್ಯಕ್ತಿಯಾದರೆ ಯಾವಾಗಲೂ "ಪಿ". ಐದನೆಯದು ಹೆಸರಿನದೊಂದು ಅಕ್ಷರ. ಆಮೇಲೆ ನಾಲ್ಕು ಅಂಕಿ, ಕೊನೆಗೊಂದು ಅಕ್ಷರ. ಅಂದರೆ 26ರ ಐದನೇ ಘಾತ ಗುಣಿಸು ಹತ್ತು ಸಾವಿರ: ಸುಮಾರು 11,881 ಕೋಟಿ ಸಾಧ್ಯತೆ. ಸೆಕೆಂಡಿಗೆ 100 ಕೋಟಿ ಎಸ್‌ಎಚ್‌ಎ-256 ಮಾಡುವುದು ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡಿಗೆ ಸಲೀಸು. ಎರಡು ನಿಮಿಷದಲ್ಲಿ ದೇಶದ ಎಲ್ಲ ವೈಯಕ್ತಿಕ ಪ್ಯಾನ್‌ಗಳ ಹ್ಯಾಶ್ ಪಟ್ಟಿ ತಯಾರು. ಆಧಾರ್ ಇನ್ನೂ ಸುಲಭ. 12 ಅಂಕಿ, ಮೊದಲನೆಯದು 2ರಿಂದ 9, ಕೊನೆಯದು ಉಳಿದ ಹನ್ನೊಂದರಿಂದ ಲೆಕ್ಕಹಾಕಿದ ಚೆಕ್ ಅಂಕಿ. ಉಳಿಯುವುದು 8,000 ಕೋಟಿ, ಅಂದರೆ 80 ಸೆಕೆಂಡ್. ಮೊಬೈಲ್ ನಂಬರ್‌ಗೆ ನಾಲ್ಕೇ ಸೆಕೆಂಡ್.

ಜಿಎಸ್‌ಟಿ ನಂಬರಿನ 15 ಅಕ್ಷರ ನೋಡಿ ಉದ್ದವಿದೆ, ಕ್ಷೇಮ ಅಂದುಕೊಳ್ಳಬೇಡಿ. ಮೊದಲೆರಡು ರಾಜ್ಯದ ಸಂಖ್ಯೆ, ಕರ್ನಾಟಕಕ್ಕೆ 29. ಮುಂದಿನ ಹತ್ತು ಅದೇ ಪ್ಯಾನ್. ಹದಿಮೂರನೆಯದು ಹೆಚ್ಚಿನ ಸಲ 1, ಹದಿನಾಲ್ಕನೆಯದು "ಝಡ್", ಕೊನೆಯದು ಚೆಕ್ ಅಕ್ಷರ. ಪ್ರೊಪ್ರೈಟರ್‌ನ ಜಿಎಸ್‌ಟಿ ನಂಬರ್ ಗೊತ್ತಾದರೆ ಆತನ ಸ್ವಂತ ಪ್ಯಾನ್ ಗೊತ್ತಾದಂತೆಯೇ.

ಇಷ್ಟೆಲ್ಲ ಊಹೆಯೂ ಬೇಕಾಗುವುದಿಲ್ಲ. ಜಿಎಸ್‌ಟಿ ನಂಬರ್ ಪ್ರತಿ ಬಿಲ್‌ನ ಮೇಲೆ ಅಚ್ಚಾಗಿರುತ್ತದೆ. ಬಿಲ್ ನಂಬರ್ 16 ಅಕ್ಷರ ಮೀರಬಾರದು, ಅನುಕ್ರಮವಾಗಿ ಬರಬೇಕು ಎಂದು ಜಿಎಸ್‌ಟಿ ನಿಯಮ 46 ಹೇಳುತ್ತದೆ. ಐಆರ್‌ಎನ್ ಎಂದರೆ ಮಾರುವವರ ಜಿಎಸ್‌ಟಿ ನಂಬರ್, ಹಣಕಾಸು ವರ್ಷ, ದಾಖಲೆಯ ಬಗೆ, ದಾಖಲೆಯ ನಂಬರ್ ಈ ನಾಲ್ಕರ ಎಸ್‌ಎಚ್‌ಎ-256, ಬೇರೇನೂ ಅಲ್ಲ. ಹಾಗಾಗಿ ನಿಮ್ಮ ಚಾನೆಲ್‌ನ ಪ್ರತಿ ಇರುವ ಯಾರೇ ಆಗಲಿ, ಒಬ್ಬ ಮಾಲೀಕರ ಒಂದು ಹಳೆಯ ಬಿಲ್ ನೋಡಿ ನಂಬರಿನ ಧಾಟಿ ತಿಳಿದುಕೊಂಡರೆ ಸಾಕು. 1ರಿಂದ 9999ರವರೆಗೆ ಹ್ಯಾಶ್ ಮಾಡಿ ಲೆಡ್ಜರ್‌ನಲ್ಲಿ ಹುಡುಕುತ್ತಾರೆ, ಲ್ಯಾಪ್‌ಟಾಪ್‌ನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ. ಸಿಗುವುದೇನು? ಈ ಘಟಕ ತಿಂಗಳಿಗೆ ಎಷ್ಟು ಬಿಲ್ ಅಡವಿಡುತ್ತಿದೆ, ಮಾರ್ಚ್‌ನಲ್ಲಿ ಎಷ್ಟು ಹೆಚ್ಚಾಯಿತು, ಬಿಲ್ ಬರೆದ ಎಷ್ಟು ದಿನಕ್ಕೆ ಹಣಕ್ಕೆ ಓಡಿತು. ಒಬ್ಬ ಸಣ್ಣ ಮಾಲೀಕರ ಕೈ ಎಷ್ಟು ಬಿಗಿಯಾಗಿದೆ ಎಂಬ ಪೂರ್ತಿ ಚಿತ್ರ ಅದು. ಅದು ಪೈಪೋಟಿಯವರಿಗೋ ದರ ಇಳಿಸಲು ಕಾದಿರುವ ಖರೀದಿದಾರರಿಗೋ ಸಿಕ್ಕರೆ ಆಗುವ ನಷ್ಟ ಆ ಮಾಲೀಕರಿಗೆ, ನಿಮ್ಮ ನಾಲ್ಕು ಸಂಸ್ಥೆಗಳಿಗಲ್ಲ. ಆದ್ದರಿಂದಲೇ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

"ಸಾಲ್ಟ್ (ಹ್ಯಾಶ್ ಮಾಡುವ ಮುಂಚೆ ಬೆರೆಸುವ ಯಾದೃಚ್ಛಿಕ ಸಂಖ್ಯೆ) ಸೇರಿಸೋಣ" ಎನ್ನಬಹುದು. ಬಿಲ್‌ಗೊಂದು ಬೇರೆ ಸಾಲ್ಟ್ ಹಾಕಿದರೆ ಒಂದೇ ಬಿಲ್‌ಗೆ ಎರಡು ಸಂಸ್ಥೆಗಳಲ್ಲಿ ಎರಡು ಹ್ಯಾಶ್ ಬರುತ್ತದೆ, ಡುಪ್ಲಿಕೇಟ್ ಸಿಗುವುದೇ ಇಲ್ಲ. ಎಲ್ಲರಿಗೂ ಒಂದೇ ಸಾಲ್ಟ್ ಕೊಟ್ಟರೆ ನಾಲ್ವರಲ್ಲಿ ಯಾರಾದರೂ ಮೇಲಿನ ಆಟ ಆಡಬಹುದು.

ಇದಕ್ಕೆ ಸರಿಯಾದ ಉಪಕರಣ ಓಪಿಆರ್‌ಎಫ್, ಒಬ್ಬರ ವಿವರ, ಇನ್ನೊಬ್ಬರ ಕೀ ಎರಡೂ ಬಯಲಾಗದಂತೆ ಹ್ಯಾಶ್ ಮಾಡುವ ವಿಧಾನ. 2023ರ ಡಿಸೆಂಬರ್‌ನಲ್ಲಿ ಆರ್‌ಎಫ್‌ಸಿ 9497 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆಯಾಗಿ ಬಂದಿದೆ. ಸಂಸ್ಥೆ ಬಿಲ್‌ನ ವಿವರವನ್ನು ಕರ್ವ್ ಮೇಲಿನ ಒಂದು ಬಿಂದುವಾಗಿಸಿ, ತಾನೇ ಆರಿಸಿದ ಯಾದೃಚ್ಛಿಕ ಸಂಖ್ಯೆಯಿಂದ ಅದಕ್ಕೆ ಮುಸುಕು ಹಾಕಿ ಕೀ ಸರ್ವರ್‌ಗೆ ಕಳಿಸುತ್ತದೆ. ಸರ್ವರ್ ತನ್ನ ಗುಟ್ಟಿನ ಕೀಯಿಂದ ಗುಣಿಸಿ ಹಿಂದಿರುಗಿಸುತ್ತದೆ. ಸಂಸ್ಥೆ ಮುಸುಕು ತೆಗೆದು ಹ್ಯಾಶ್ ಮಾಡಿದರೆ ಟ್ಯಾಗ್ ಸಿಗುತ್ತದೆ. ಸರ್ವರ್‌ಗೆ ಬಿಲ್ ಕಾಣಲಿಲ್ಲ, ಸಂಸ್ಥೆಗೆ ಕೀ ಕಾಣಲಿಲ್ಲ. ಆದರೂ ಅದೇ ಬಿಲ್ ಯಾರ ಹತ್ತಿರ ಹೋದರೂ ಅದೇ ಟ್ಯಾಗ್. ಊಹೆ ಮಾಡಬೇಕೆಂದರೆ ಪ್ರತಿ ಊಹೆಗೂ ಒಂದು ಕರೆ ಬೇಕು, ಆ ಕರೆ ಎಣಿಕೆಗೆ ಸಿಗುತ್ತದೆ. ದಿನಕ್ಕೆ 400 ಬಿಲ್ ತೆಗೆದುಕೊಳ್ಳುವ ಸಂಸ್ಥೆಗೆ 1,500 ಕರೆ ಧಾರಾಳವಾಗಿ ಸಾಕು. ಅದರ ಮೇಲೆ ಹೋದರೆ ನಿಲ್ಲಿಸಿ ಕಾರಣ ಕೇಳಿ.

ಎರಡು ಎಚ್ಚರಿಕೆ. ಒಂದು, ಕೀಯನ್ನು ಒಂದೇ ಕಡೆ ಇಡಬೇಡಿ. ನಾಲ್ಕು ಪಾಲು ಮಾಡಿ, ಯಾವುದೇ ಮೂರು ಸೇರಿದರೆ ಮಾತ್ರ ಕೆಲಸ ಮಾಡುವ ಥ್ರೆಶೋಲ್ಡ್ ವಿಧಾನ ಹಿಡಿಯಿರಿ, ಪಾಲುಗಳು ಎಚ್‌ಎಸ್‌ಎಂ (ಕೀ ಹೊರಗೆ ಬಾರದಂತೆ ಕಾಯುವ ಯಂತ್ರ) ಒಳಗಿರಲಿ. ಎರಡು, ಸರಿಯಾದ ಕೀಯನ್ನೇ ಬಳಸಿದೆ ಎಂಬ ಪ್ರೂಫ್ ಕೊಡುವ ವಿಒಪಿಆರ್‌ಎಫ್ ಬಗೆಯನ್ನೇ ಬಳಸಿ. ಸರ್ವರ್ ತಪ್ಪಿಯೋ ಬೇಕೆಂದೋ ಒಬ್ಬರಿಗೆ ಬೇರೆ ಕೀಯಿಂದ ಉತ್ತರ ಕೊಟ್ಟರೆ ಆ ಸಂಸ್ಥೆಯ ಬಿಲ್‌ಗಳು ಯಾವತ್ತೂ ಇತರರ ಜೊತೆ ತಾಳೆಯಾಗುವುದಿಲ್ಲ, ಎರರ್ ಕೂಡ ಬರುವುದಿಲ್ಲ. ಜಾಲ ಸುಮ್ಮನೆ ಕುರುಡಾಗುತ್ತದೆ.

ಪ್ಯಾನ್ ಹ್ಯಾಶ್ ಮತ್ತು ಕೆವೈಸಿ ಗುರುತನ್ನು ಕರಡಿನಿಂದ ಪೂರ್ತಿ ಕಿತ್ತುಹಾಕಿ. "ಈ ಬಿಲ್‌ಗೆ ಆಗಲೇ ಹಣ ಹೋಗಿದೆಯೇ" ಎಂಬ ಪ್ರಶ್ನೆಗೆ ಅವೆರಡೂ ಬೇಡ.

ಕಡತ_ವಿಭಾಗ

ಮೇಲಿನವರು ಹೇಳಿದ್ದಕ್ಕೆ ಕಾನೂನಿನ ಕಡೆಯಿಂದ ಸೇರಿಸುತ್ತೇನೆ. "ಪಿಎಂಎಲ್‌ಎ ಪ್ರಕಾರ ಎಲ್ಲವೂ ಲೆಡ್ಜರ್‌ನಲ್ಲೇ" ಎಂಬ ಮಾತಿಗೆ ಕಾಯ್ದೆಯಲ್ಲಿ ಆಧಾರವೇ ಇಲ್ಲ. ಸೆಕ್ಷನ್ 12 ಹೇಳುವುದು ಇಷ್ಟು: ವಹಿವಾಟಿನ ದಾಖಲೆ ವಹಿವಾಟಿನ ದಿನದಿಂದ ಐದು ವರ್ಷ, ಗ್ರಾಹಕರ ಗುರುತಿನ ದಾಖಲೆ ಸಂಬಂಧ ಮುಗಿದ ಅಥವಾ ಖಾತೆ ಮುಚ್ಚಿದ ಮೇಲೆ ಐದು ವರ್ಷ. ಇಟ್ಟುಕೊಳ್ಳಬೇಕಾದದ್ದು ವರದಿ ಕೊಡುವ ಸಂಸ್ಥೆ, ಅಂದರೆ ಒಂದೊಂದು ಎನ್‌ಬಿಎಫ್‌ಸಿಯೂ ತನ್ನ ತನ್ನ ಗ್ರಾಹಕರದ್ದನ್ನು. ಪಕ್ಕದ ಮೂವರು ಸಂಸ್ಥೆಗಳಿಗೆ ಅದರ ಪ್ರತಿ ಕೊಡಿ ಎಂದು ಯಾರೂ ಕೇಳಿಲ್ಲ.

ಡಿಪಿಡಿಪಿ ಕಡೆಯವರ ಮಾತೂ ಅರ್ಧ ಸರಿ. 2023ರ ಕಾಯ್ದೆಯ ಸೆಕ್ಷನ್ 8(7) ಉದ್ದೇಶ ಮುಗಿದ ಮೇಲೆ ಅಳಿಸಿ ಎನ್ನುತ್ತದೆ, ಬೇರೆ ಕಾನೂನು ಇಟ್ಟುಕೊಳ್ಳಲು ಹೇಳಿದ್ದರೆ ಅದನ್ನು ಹೊರತುಪಡಿಸಿ. ಆದ್ದರಿಂದ ಮಾಲೀಕರು ಮೂರನೇ ವರ್ಷದಲ್ಲಿ "ನನ್ನದೆಲ್ಲ ಅಳಿಸಿ" ಎಂದು ಬರೆದರೆ, ಕೆವೈಸಿ ಕಡತವನ್ನು ಸೆಕ್ಷನ್ 12 ತೋರಿಸಿ ಇಟ್ಟುಕೊಳ್ಳಬಹುದು. ಮಾರಾಟದ ಕರೆಗೆ ಬಳಸುವ ಪಟ್ಟಿಯಿಂದ ಅವರ ಹೆಸರು ತೆಗೆಯಲೇಬೇಕು. ಲೆಡ್ಜರ್ ಕಾಯ್ದೆಗೆ ನಿಜವಾಗಿ ಡಿಕ್ಕಿ ಹೊಡೆಯುವುದು ಐದು ವರ್ಷ ಕಳೆದ ಮರುದಿನ. ಅಂದು ಅಳಿಸಲು ಬರಬೇಕು. ಲೆಡ್ಜರ್ ಮೇಲೆ ಬರೆದದ್ದು ಅಂದೂ ಇರುತ್ತದೆ.

ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಇದೆ. ಈಗ ವಿನ್ಯಾಸ ಮಾಡುವವರು ಅದು ಜಾರಿಯಲ್ಲಿದೆ ಎಂದೇ ಹಿಡಿದು ಮಾಡಬೇಕು, ಲೆಡ್ಜರ್‌ಗೆ ಆಮೇಲೆ ತೇಪೆ ಹಾಕಲು ಬರುವುದಿಲ್ಲ. ಈ ಕಾಯ್ದೆ ವ್ಯಕ್ತಿಗಳ ಮಾಹಿತಿಗೆ ಮಾತ್ರ. ಪ್ರೈವೇಟ್ ಲಿಮಿಟೆಡ್ ಕಂಪನಿಯ ಬಿಲ್ ಅದರೊಳಗೆ ಬರುವುದಿಲ್ಲ, ಪ್ರೊಪ್ರೈಟರ್‌ನದು ಬರುತ್ತದೆ. ನಿಮ್ಮಲ್ಲಿ ಬಹುಪಾಲು ಅವರೇ. ಎರಡು ಬಗೆಗೆ ಎರಡು ದಾರಿ ಮಾಡಲು ಹೋಗಬೇಡಿ, ಎಲ್ಲ ಬಿಲ್ಲನ್ನೂ ವ್ಯಕ್ತಿಯದೆಂದೇ ನಡೆಸಿ.

"ಕೆವೈಸಿ ಆಗಿದೆ" ಗುರುತು ಬೇಡ ಎಂಬುದಕ್ಕೆ ಇನ್ನೊಂದು ಕಾರಣವಿದೆ. ಬೇರೆಯವರು ಮಾಡಿದ ಕೆವೈಸಿ ಮೇಲೆ ಭರವಸೆ ಇಡಲು ರಿಸರ್ವ್ ಬ್ಯಾಂಕ್ ಷರತ್ತಿನ ಮೇಲೆ ಬಿಡುತ್ತದೆ, ಅಂತಿಮ ಹೊಣೆ ಮಾತ್ರ ಸಾಲ ಕೊಟ್ಟ ಸಂಸ್ಥೆಯದೇ. ಆ ಗುರುತು ನೋಡಿ ಹಣ ಬಿಟ್ಟೆವು ಎಂದರೆ ತಪಾಸಣೆಯಲ್ಲಿ ನಿಲ್ಲುವುದಿಲ್ಲ. ಕೇಂದ್ರ ಕೆವೈಸಿ ದಾಖಲೆಗಳ ಭಂಡಾರ, ಸಿಕೆವೈಸಿಆರ್, ಇದ್ದೇ ಇದೆ. 14 ಅಂಕಿಯ ಗುರುತಿನಿಂದ ಆಯಾ ಸಂಸ್ಥೆ ಗ್ರಾಹಕರ ಒಪ್ಪಿಗೆ ಪಡೆದು ದಾಖಲೆ ತರಿಸಿಕೊಳ್ಳಲಿ. ಆ 14 ಅಂಕಿಯೂ ಲೆಡ್ಜರ್ ಮೇಲೆ ಬರಬಾರದು.

ಈಗ ಕೆಂಪು ಗುರುತು. ಕರಡಿನಲ್ಲಿ ನನಗೆ ಅತಿ ಅಪಾಯ ಅನ್ನಿಸಿದ್ದು ಇದೇ. ಅನುಮಾನದ ವಹಿವಾಟಿನ ವರದಿ, ಎಸ್‌ಟಿಆರ್, ಸರ್ಕಾರದ ಹಣಕಾಸು ಗುಪ್ತಚರ ಘಟಕವಾದ ಎಫ್‌ಐಯು-ಇಂಡಿಯಾಗೆ ಹೋಗುತ್ತದೆ. ವರದಿ ಕೊಟ್ಟ ಸಂಗತಿಯನ್ನು ಸಂಸ್ಥೆಯ ನಿರ್ದೇಶಕರಿಂದ ಹಿಡಿದು ನೌಕರರವರೆಗೆ ಎಲ್ಲರೂ ಗುಟ್ಟಾಗಿಡಬೇಕು ಎಂಬುದು ಪಿಎಂಎಲ್ ನಿಯಮ. ನಾಲ್ವರಿಗೂ ಕಾಣುವ ಕೆಂಪು ಗುರುತು ಹಾಕಿದರೆ ಉಳಿದ ಮೂವರು ಸಾಲಿನಲ್ಲಿ ಬಿಲ್ ತಿರಸ್ಕರಿಸುತ್ತಾರೆ, ಮಾಲೀಕರಿಗೆ ಸಂಜೆಯೊಳಗೆ ಸುದ್ದಿ ಮುಟ್ಟುತ್ತದೆ. ಗುಟ್ಟು ಒಡೆದದ್ದು ನೀವೇ ಆಗುತ್ತೀರಿ. ಅನುಮಾನ ಸುಳ್ಳಾಗಿದ್ದರೆ ಇನ್ನೂ ಕೆಟ್ಟದ್ದು. ತಪ್ಪು ಮಾಡದ ಮನುಷ್ಯನ ಮೇಲೆ ಅಳಿಸಲಾಗದ ಮಸಿ. ಸುತ್ತುದಾರಿಯಲ್ಲೂ ಇದು ಸೋರುತ್ತದೆ. ಆಂತರಿಕ ಎಚ್ಚರಿಕೆ ಬಂದ ತಕ್ಷಣ ಲೆಡ್ಜರ್‌ನಲ್ಲಿರುವ ಬಿಲ್‌ನ ಸ್ಥಿತಿಯನ್ನು "ತಡೆ" ಎಂದು ಬದಲಿಸುವ ಚೈನ್‌ಕೋಡ್ (ಲೆಡ್ಜರ್ ಮೇಲೆ ಓಡುವ ಪ್ರೋಗ್ರಾಂ) ಇದ್ದರೆ, ಹೊತ್ತು ನೋಡಿಯೇ ಪಕ್ಕದವರು ಅರ್ಥ ಮಾಡಿಕೊಳ್ಳುತ್ತಾರೆ. ಲೆಡ್ಜರ್‌ಗೆ ಎರಡೇ ಸ್ಥಿತಿ ಸಾಕು: ಬಿಲ್ ತೆಗೆದುಕೊಂಡಾಗಿದೆ, ತೀರಿದೆ.

ರೆಗ್ಯುಲೇಟರ್‌ಗೆ ಎಲ್ಲವನ್ನೂ ನೋಡುವ ಒಂದು ನೋಡ್ ಕೊಡೋಣ ಎಂಬ ಸಲಹೆಯೂ ಇಂಥ ಚರ್ಚೆಗಳಲ್ಲಿ ಬರುತ್ತದೆ. ಬೇಡ. ಕೇಳಿದಾಗ, ಕೇಳಿದಷ್ಟು, ಲಿಖಿತ ಆದೇಶದ ಮೇಲೆ, ಇಬ್ಬರು ಅಧಿಕಾರಿಗಳ ಸಹಿಯಿಂದ ಒಂದೊಂದು ಕಡತ ತೆರೆಯುವ ವ್ಯವಸ್ಥೆ ಮಾಡಿ, ತೆರೆದದ್ದನ್ನು ದಾಖಲಿಸಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಅದರಲ್ಲಿ ಬಂದ ಅಳತೆಗೋಲನ್ನು ಕಂಪ್ಲೈಯನ್ಸ್ ಸಭೆಯಲ್ಲೂ ಇಡಬಹುದು: ಇದಕ್ಕೆ ಕಾನೂನಿನ ಆಧಾರ ಇದೆಯೇ, ಉದ್ದೇಶ ನ್ಯಾಯವೇ, ಆ ಉದ್ದೇಶಕ್ಕೆ ಇಷ್ಟೊಂದು ಬೇಕೇ. ಕರಡಿನ ಒಂದೊಂದು ಕಾಲಂಗೂ ಈ ಮೂರು ಕೇಳಿ ನೋಡಿ, ಎಷ್ಟು ಕಾಲಂ ಉಳಿಯುತ್ತವೆ ಎಂದು.

ಸೆರ್ಸಾಯ್ (ಅಡಮಾನ, ವರ್ಗಾವಣೆಗಳ ಕೇಂದ್ರ ನೋಂದಣಿ) ಬಗ್ಗೆ ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಬಿಲ್ ವರ್ಗಾವಣೆ ಅಲ್ಲಿ ನೋಂದಾಯಿಸುವುದು ಕಾನೂನಿನ ಕೆಲಸ, ಲೆಡ್ಜರ್ ಅದಕ್ಕೆ ಬದಲಿ ಅಲ್ಲ. ಟ್ರೆಡ್ಸ್ (ಸಣ್ಣ ಉದ್ದಿಮೆಗಳ ಬಿಲ್ ಡಿಸ್ಕೌಂಟ್ ಮಾಡುವ ಆನ್‌ಲೈನ್ ವೇದಿಕೆ) ಮೂಲಕ ಆದದ್ದಕ್ಕೆ ಹತ್ತು ದಿನದ ಗಡುವಿದೆ. ಎರಡನೇ ಸಲ ಹಣ ಎತ್ತುವವರು ನುಸುಳುವುದು ಈ ನಡುವಿನ ದಿನಗಳಲ್ಲೇ. ಟ್ರೆಡ್ಸ್ ವೇದಿಕೆಗಳು 2018ರಲ್ಲೇ ಡುಪ್ಲಿಕೇಟ್ ಪತ್ತೆಗೆ ಹಂಚಿಕೆ ಲೆಡ್ಜರ್ ಹಿಡಿದದ್ದು ಈ ಸಂದು ಮುಚ್ಚಲು.

ಪಿಯರ್_ನೋಡ್

ಫ್ಯಾಬ್ರಿಕ್ ಕಡೆಯ ತೊಡಕುಗಳು ನನ್ನ ಪಾಲಿಗೆ.

ಬ್ಲಾಕ್‌ಟುಲಿವ್ ಎಣಿಸುವುದು ಬ್ಲಾಕ್‌ಗಳನ್ನು, ದಿನಗಳನ್ನಲ್ಲ. ವಹಿವಾಟು ಇದ್ದರೆ ಮಾತ್ರ ಬ್ಲಾಕ್ ಕತ್ತರಿಸಲ್ಪಡುತ್ತದೆ. ದೀಪಾವಳಿಗೆ ಮುಂಚಿನ ವಾರ ಸಾವಿರಾರು, ಹಬ್ಬದ ದಿನ ಬೆರಳೆಣಿಕೆ. "ಐದು ವರ್ಷ" ಎಂಬುದನ್ನು ಬ್ಲಾಕ್ ಸಂಖ್ಯೆಯಲ್ಲಿ ಬರೆಯಲು ದಾರಿಯೇ ಇಲ್ಲ. ವಹಿವಾಟು ಅಂದಾಜಿಗಿಂತ ಎರಡು ಪಟ್ಟಾದರೆ ಎರಡೂವರೆ ವರ್ಷಕ್ಕೇ ದಾಖಲೆ ಅಳಿದು ಪಿಎಂಎಲ್‌ಎ ಉಲ್ಲಂಘನೆ. ಅರ್ಧವಾದರೆ ಹತ್ತು ವರ್ಷ ಉಳಿದು ಇನ್ನೊಂದು ಕಾಯ್ದೆಯ ಉಲ್ಲಂಘನೆ. ಅದನ್ನು 0 (ತಾನಾಗಿ ಅಳಿಸಬೇಡ) ಮಾಡಿ, 2.5ರಲ್ಲಿ ಬಂದ ಪರ್ಜ್‌ಪ್ರೈವೇಟ್‌ಡೇಟಾ ಎಂಬ ಅಳಿಸುವ ಕರೆಯನ್ನು ತಾರೀಕು ನೋಡಿ ನೀವೇ ಕೊಡಿ. ಚಾನೆಲ್‌ನ ಅಪ್ಲಿಕೇಷನ್ ಕೆಪಬಿಲಿಟಿ ವಿ2_5 ಆಗಿರಬೇಕು. ಅದಕ್ಕೆ ಮೊದಲು ಎಂಟೂ ಪಿಯರ್‌ಗಳು 2.5ಕ್ಕೆ ಬಂದಿರಬೇಕು, ಒಂದು ಸಂಸ್ಥೆ ಹಳೆಯದರಲ್ಲೇ ಕುಳಿತಿದ್ದರೆ ಎಲ್ಲರೂ ಕಾಯಬೇಕು.

ಪರ್ಜ್ ಆದ ಮೇಲೂ ಚಾನೆಲ್‌ನಲ್ಲಿ ಹ್ಯಾಶ್ ಉಳಿಯುತ್ತದೆ. ಇಲ್ಲಿ ಡುಪ್ಲಿಕೇಟ್ ತಾಳೆಯ ಪ್ರಶ್ನೆ ಇಲ್ಲದ್ದರಿಂದ ದಾಖಲೆಗೊಂದು 256 ಬಿಟ್ ಯಾದೃಚ್ಛಿಕ ಸಾಲ್ಟ್ ಸೇರಿಸಿಯೇ ಬರೆಯಿರಿ. ಸಾಲ್ಟ್ ಕೂಡ ದಾಖಲೆಯ ಜೊತೆಗೇ ಅಳಿದರೆ ಉಳಿದ ಹ್ಯಾಶ್‌ನಿಂದ ಏನೂ ಹೊರಡದು. ಕೌಚ್‌ಡಿಬಿ ಡೇಟಾಬೇಸ್ ಬಳಸುತ್ತಿದ್ದರೆ ಕಾಂಪ್ಯಾಕ್ಷನ್ (ಹಳೆಯದನ್ನು ಗುಡಿಸುವ ಕೆಲಸ) ಓಡುವವರೆಗೆ ಹಳೆಯ ರಿವಿಷನ್ ಡಿಸ್ಕಿನಲ್ಲೇ ಇರುತ್ತದೆ. ಬ್ಯಾಕಪ್ ಟೇಪುಗಳಲ್ಲಿ ಇರುವುದನ್ನಂತೂ ಪರ್ಜ್ ಮುಟ್ಟುವುದೇ ಇಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯ: ಪಿಡಿಎಫ್ ಮತ್ತು ಕೆವೈಸಿಯನ್ನು ಫ್ಯಾಬ್ರಿಕ್‌ಗೆ ತರಲೇಬೇಡಿ. ಇನ್ನೊಂದು ಸಂಸ್ಥೆ ಜೊತೆ ಹಂಚಿಕೊಳ್ಳುವುದಿದ್ದರೆ ಮಾತ್ರ ಕಲೆಕ್ಷನ್‌ಗೆ ಅರ್ಥ. ನಿಮ್ಮಲ್ಲಿ ಹಂಚಿಕೊಳ್ಳುವುದು ಏನೂ ಇಲ್ಲ. ಆಯಾ ಸಂಸ್ಥೆಯ ಡಾಕ್ಯುಮೆಂಟ್ ಸರ್ವರ್‌ನಲ್ಲಿರಲಿ.

ಅತಿ ಸಾಮಾನ್ಯವಾದ ಸೋರಿಕೆ ಒಂದಿದೆ. ಬಿಲ್ ವಿವರವನ್ನು ಚೈನ್‌ಕೋಡ್ ಫಂಕ್ಷನ್‌ಗೆ ಮಾಮೂಲಿ ಆರ್ಗ್ಯುಮೆಂಟ್ ಆಗಿ ಕಳಿಸುವುದು. ಆರ್ಗ್ಯುಮೆಂಟ್‌ಗಳು ವಹಿವಾಟಿನ ಭಾಗವಾಗಿ ಬ್ಲಾಕ್‌ನಲ್ಲಿ ನೇರವಾಗಿ ಓದಲು ಬರುವಂತೆ ಶಾಶ್ವತವಾಗಿ ಕೂರುತ್ತವೆ, ಒಳಗೆ ನೀವು ಎಷ್ಟೇ ಜಾಗ್ರತೆಯಿಂದ ಹ್ಯಾಶ್ ಮಾಡಿದರೂ. ಗುಟ್ಟಿನದ್ದು ಬ್ಲಾಕ್ ಸೇರದ ಟ್ರಾನ್ಸಿಯೆಂಟ್ ಫೀಲ್ಡ್‌ನಲ್ಲೇ ಹೋಗಬೇಕು. ಚೈನ್‌ಕೋಡ್ ಇವೆಂಟ್‌ನ ಪೇಲೋಡ್ ಕೂಡ ಬ್ಲಾಕ್ ಸೇರುತ್ತದೆ. ಇನ್ನು ಲಾಗ್. ಡೆವಲಪರ್ ಪರೀಕ್ಷೆಗೆ ಹಾಕಿದ ಪ್ರಿಂಟ್ ಸಾಲು ಪ್ರೊಡಕ್ಷನ್‌ಗೂ ಬಂದು ಜಿಎಸ್‌ಟಿ ನಂಬರ್, ಮೊತ್ತ ಎಲ್ಲ ಲಾಗ್ ಸರ್ವರ್ ಸೇರಿರುತ್ತದೆ. ದೇಶದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಇಡಲೇಬೇಕಾದ್ದರಿಂದ ಅಷ್ಟು ಕಾಲ ಅದು ಅಲ್ಲೇ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ. ಪೈಲಟ್ ಮುಗಿದ ಕೂಡಲೇ ಒಂದು ಬ್ಲಾಕನ್ನು ಫ್ಯಾಬ್ರಿಕ್‌ನ ಕಾನ್ಫಿಗ್‌ಟಿಎಕ್ಸ್‌ಲೇಟರ್ ಉಪಕರಣದಿಂದ ಜೇಸನ್ ಮಾಡಿ, ಬೇಸ್64 ಬಿಡಿಸಿ, ಪರೀಕ್ಷೆಗೆ ಕಳಿಸಿದ ಜಿಎಸ್‌ಟಿ ನಂಬರ್ ಸಿಗುತ್ತದೆಯೇ ಎಂದು ಹುಡುಕಿ. ಲಾಗ್‌ನಲ್ಲೂ ಹುಡುಕಿ. ಹತ್ತು ನಿಮಿಷದ ಕೆಲಸ.

ಟ್ಯಾಗನ್ನೇ ಪಬ್ಲಿಕ್ ಸ್ಟೇಟ್‌ನ ಕೀ ಮಾಡಿಕೊಳ್ಳಿ. ಎರಡು ಸಂಸ್ಥೆಗಳು ಒಂದೇ ಕ್ಷಣಕ್ಕೆ ಅದೇ ಬಿಲ್ ಬರೆದರೆ ಎರಡಕ್ಕೂ ಎಂಡಾರ್ಸ್‌ಮೆಂಟ್ (ಪಿಯರ್‌ಗಳ ಮೊದಲ ಒಪ್ಪಿಗೆ) ಸಿಗುತ್ತದೆ, ಏಕೆಂದರೆ ಇಬ್ಬರಿಗೂ "ಇನ್ನೂ ಇಲ್ಲ" ಎಂದೇ ಕಂಡಿರುತ್ತದೆ. ಕಮಿಟ್ (ಲೆಡ್ಜರ್‌ಗೆ ಅಂತಿಮವಾಗಿ ಸೇರಿಸುವ) ಹೊತ್ತಿಗೆ ಮೊದಲನೆಯದು ನಿಲ್ಲುತ್ತದೆ, ಎರಡನೆಯದು ಎಂವಿಸಿಸಿ ರೀಡ್ ಕಾನ್‌ಫ್ಲಿಕ್ಟ್ (ಓದಿದ್ದು ಅಷ್ಟರಲ್ಲಿ ಬದಲಾಗಿದೆ) ಎಂದು ಅಸಿಂಧುವಾಗುತ್ತದೆ. ಆದ್ದರಿಂದ ಎಂಡಾರ್ಸ್‌ಮೆಂಟ್ ನೋಡಿ ಹಣ ಬಿಡಬಾರದು. ಕಮಿಟ್ ಇವೆಂಟ್ ಬಂದು, ಅದರಲ್ಲಿ ವ್ಯಾಲಿಡ್ ಎಂದಿದ್ದರೆ ಮಾತ್ರ.

ಬರೆದ ಸಂಸ್ಥೆಯ ಎಂಎಸ್‌ಪಿ (ಸದಸ್ಯತ್ವದ) ಗುರುತು ಪ್ರತಿ ವಹಿವಾಟಿನಲ್ಲೂ ಕಾಣುತ್ತದೆ. ಯಾರು ದಿನಕ್ಕೆ ಎಷ್ಟು ಬಿಲ್ ತೆಗೆದುಕೊಂಡರು ಎಂಬುದು ನಾಲ್ವರಿಗೂ ಗೊತ್ತಾಗುತ್ತದೆ. ಇದನ್ನು ಮುಚ್ಚಲು ಗುಂಪಾಗಿ ತಡಮಾಡಿ ಬರೆದರೆ ಡುಪ್ಲಿಕೇಟ್ ತಡೆ ಸಡಿಲವಾಗುತ್ತದೆ. ನಾಲ್ಕೇ ಜನರ ಜಾಲದಲ್ಲಿ ಇದನ್ನು ಕರಾರಿನಲ್ಲಿ ಒಪ್ಪಿಕೊಳ್ಳುವುದೇ ಮೇಲು.

ಬಿಲ್‌ಪುಸ್ತಕ

ತುಂಬಾ ಉಪಕಾರ. ಪ್ಯಾನ್, ಕೆವೈಸಿ ಗುರುತು, ಕೆಂಪು ಗುರುತು ಮೂರೂ ಕರಡಿನಿಂದ ಹೋದವು. ಎರಡು ಸಂದೇಹ. ಓಪಿಆರ್‌ಎಫ್ ಕೀ ಬದಲಿಸಿದರೆ ಹಳೆಯ ಟ್ಯಾಗ್‌ಗಳ ಜೊತೆ ತಾಳೆ ಹೇಗೆ? ಬಿಲ್ ನಂಬರಿನಲ್ಲಿ ಗೆರೆ, ಸೊನ್ನೆ ಬದಲಿಸಿ ತಂದರೆ ಟ್ಯಾಗೇ ಬೇರೆ ಬರುತ್ತದಲ್ಲ?

ಹ್ಯಾಶಿಗೆ_ಉಪ್ಪು

ಕೀಯನ್ನು ಬಿಲ್ ತಂದ ದಿನಕ್ಕೆ ಕಟ್ಟಬೇಡಿ, ಬಿಲ್ ಬರೆದ ಹಣಕಾಸು ವರ್ಷಕ್ಕೆ ಕಟ್ಟಿ. ಮಾರ್ಚ್ 28ರ ಬಿಲ್ ಮೇ ತಿಂಗಳಲ್ಲಿ ಬಂದರೂ ಹಿಂದಿನ ವರ್ಷದ ಕೀಯೇ. ಆಗ ಒಂದು ಬಿಲ್‌ಗೆ ಜೀವಮಾನದಲ್ಲಿ ಒಂದೇ ಕೀ, ಎರಡೆರಡು ಕಡೆ ತಾಳೆ ನೋಡುವ ಗೋಜಿಲ್ಲ. ವರ್ಷ ಮುಗಿದು 18 ತಿಂಗಳಾದ ಮೇಲೆ, ಆ ವರ್ಷದ ಬಿಲ್‌ಗಳ ವಾಯಿದೆ, ತಕರಾರು ಎಲ್ಲ ಮುಗಿದಿರುವಾಗ, ನಾಲ್ವರೂ ತಮ್ಮ ಪಾಲನ್ನು ಎಚ್‌ಎಸ್‌ಎಂನಲ್ಲಿ ನಾಶ ಮಾಡಿ ಸಹಿ ಹಾಕಿ. ಮುಚ್ಚಿದ ವರ್ಷದ ಬಿಲ್ಲನ್ನು ಚೈನ್‌ಕೋಡ್ ತೆಗೆದುಕೊಳ್ಳಬಾರದು. ಆಮೇಲೆ ಲೆಡ್ಜರ್‌ನಲ್ಲಿ ಉಳಿದ ಆ ವರ್ಷದ ಟ್ಯಾಗ್‌ಗಳನ್ನು ಯಾರ ಬಿಲ್ ಎಂದು ಊಹಿಸಿ ಪರೀಕ್ಷಿಸಲು ದಾರಿಯೇ ಇರುವುದಿಲ್ಲ. ಫ್ರಾನ್ಸ್‌ನ ಡೇಟಾ ಸಂರಕ್ಷಣಾ ಪ್ರಾಧಿಕಾರ ಸಿಎನ್‌ಐಎಲ್ 2018ರಲ್ಲೇ, ಗುಟ್ಟಿನ ಕೀ ಅಳಿಸುವುದು ಅಳಿಸುವಿಕೆಗೆ ಹತ್ತಿರದ ಪರಿಣಾಮ ಕೊಡುತ್ತದೆ ಎಂಬ ನಿಲುವು ತಳೆದಿತ್ತು. ಹ್ಯಾಶ್ ಮಾಡಿದ್ದೂ ವೈಯಕ್ತಿಕ ಮಾಹಿತಿಯೇ ಆಗಿರಬಹುದು ಎಂದು ಯುರೋಪಿನ ಡೇಟಾ ಸಂರಕ್ಷಣಾ ಮಂಡಳಿ 2025ರ ಏಪ್ರಿಲ್‌ನ ಮಾರ್ಗಸೂಚಿಯಲ್ಲಿ ಹೇಳಿದೆ. ಅದು ನಮಗೆ ಕಾನೂನಲ್ಲ, ಆದರೆ ಯೋಚನೆಯ ದಾರಿ ಸರಿಯಿದೆ.

ಕೀ ಹೋದ ಮೇಲೆ ನಾಲ್ಕನೇ ವರ್ಷದಲ್ಲಿ ತಪಾಸಣೆಗೆ ಬಂದರೆ "ಈ ಟ್ಯಾಗ್ ಈ ಬಿಲ್ಲಿನದೇ" ಎಂದು ತೋರಿಸಬೇಕಾಗುತ್ತದೆ. ಅದಕ್ಕಾಗಿ ಪ್ರತಿ ಸಂಸ್ಥೆ ತನ್ನ ಕಡತದಲ್ಲಿ ಬಿಲ್ ವಿವರ, ಆ ಸಲ ಬಳಸಿದ ಮುಸುಕಿನ ಸಂಖ್ಯೆ, ಸರ್ವರ್ ಕೊಟ್ಟ ಉತ್ತರ ಮತ್ತು ಪ್ರೂಫ್, ಆ ವರ್ಷದ ಪಬ್ಲಿಕ್ ಕೀ ಇಷ್ಟನ್ನೂ ಇಟ್ಟುಕೊಳ್ಳಬೇಕು. ಇವಿದ್ದರೆ ಗುಟ್ಟಿನ ಕೀ ಇಲ್ಲದೆಯೇ ಪೂರ್ತಿ ಪರಿಶೀಲಿಸಬಹುದು. ಮುಸುಕಿನ ಸಂಖ್ಯೆಯನ್ನು ಎಸೆಯುವುದು ರೂಢಿ, ಇಲ್ಲಿ ಮಾತ್ರ ಎಸೆಯಬೇಡಿ.

ಬಿಲ್ ನಂಬರಿನ ವಿಷಯ. ಎಲ್ಲವನ್ನೂ ದೊಡ್ಡಕ್ಷರ ಮಾಡಿ. ಇ-ಇನ್‌ವಾಯ್ಸ್ ಪೋರ್ಟಲ್ ಕೂಡ 2025ರ ಜೂನ್‌ನಿಂದ ಹಾಗೇ ಮಾಡುತ್ತದೆ. ಗೆರೆ, ಓರೆಗೆರೆಗಳನ್ನು ಕಿತ್ತುಹಾಕಿದರೆ 1/12 ಮತ್ತು 11/2 ಎರಡೂ 112 ಆಗಿ, ಪ್ರಾಮಾಣಿಕರ ಬಿಲ್ ಡುಪ್ಲಿಕೇಟ್ ಎಂದು ಬೀಳುತ್ತದೆ. ಕೀಳಬೇಡಿ, ಎಲ್ಲವನ್ನೂ ಒಂದೇ ಚಿಹ್ನೆಗೆ ಬದಲಿಸಿ. ಎರಡು ಟ್ಯಾಗ್ ಮಾಡಿ. ಬಿಗಿಯಾದದ್ದು ಜಿಎಸ್‌ಟಿ ನಂಬರ್, ವರ್ಷ, ಬಿಲ್ ನಂಬರಿನಿಂದ. ಸಡಿಲವಾದದ್ದು ಮಾರುವವರ, ಕೊಳ್ಳುವವರ ಜಿಎಸ್‌ಟಿ ನಂಬರ್, ಬಿಲ್ ತಾರೀಕು, ರೂಪಾಯಿಗೆ ಸರಿಮಾಡಿದ ಒಟ್ಟು ಮೊತ್ತದಿಂದ, ಬಿಲ್ ನಂಬರ್ ಇಲ್ಲದೆ. ಬಿಗಿಯಾದದ್ದು ತಾಳೆಯಾದರೆ ತಾನೇ ತಿರಸ್ಕಾರ. ಸಡಿಲವಾದದ್ದು ಮಾತ್ರ ತಾಳೆಯಾದರೆ ಮನುಷ್ಯರು ಬಿಲ್ ಕೈಯಲ್ಲಿ ಹಿಡಿದು ನೋಡಬೇಕು. ಒಂದೇ ದಿನ ಒಂದೇ ಮೊತ್ತದ ಎರಡು ನಿಜವಾದ ಬಿಲ್ ಇರುವುದು ಅಪರೂಪವೇನಲ್ಲ.

ತೆರೆದ_ಸರಪಳಿ

ಪಬ್ಲಿಕ್ ಚೈನ್ ಟೋಕನ್ ಬಗ್ಗೆ ಯಾರೂ ಮುಟ್ಟಲಿಲ್ಲ. ಮೊದಲು ಕಾನೂನಿನ ಹೊಸ್ತಿಲು. 2023ರ ಮಾರ್ಚ್ 7ರ ಅಧಿಸೂಚನೆಯಿಂದ ವರ್ಚುವಲ್ ಡಿಜಿಟಲ್ ಆಸ್ತಿಗಳ (ಕ್ರಿಪ್ಟೋ ಮುಂತಾದವು) ವಿನಿಮಯ, ವರ್ಗಾವಣೆ, ಕಾಪಿಡುವಿಕೆ ನಡೆಸುವವರು ಪಿಎಂಎಲ್‌ಎ ಒಳಗೆ ಬಂದರು, ಎಫ್‌ಐಯುನಲ್ಲಿ ನೋಂದಣಿ ಬೇಕು. ನಿಮ್ಮ ಟೋಕನ್ ಆ ವ್ಯಾಖ್ಯೆಗೆ ಸಿಕ್ಕಿಬಿದ್ದರೆ 30% ತೆರಿಗೆ, 1% ಟಿಡಿಎಸ್ ಕೂಡ ಬೆನ್ನಿಗೆ. ಬಿಲ್ ಡಿಸ್ಕೌಂಟಿಂಗ್‌ನ ತೆಳು ಲಾಭದಲ್ಲಿ 1% ಟಿಡಿಎಸ್ ಎಂದರೆ ವ್ಯಾಪಾರವೇ ಉಳಿಯದು. ವಕೀಲರ ಲಿಖಿತ ಅಭಿಪ್ರಾಯ ಇಲ್ಲದೆ ಒಂದು ಸಾಲು ಕೋಡ್ ಕೂಡ ಬೇಡ.

ತಂತ್ರದ ಕಡೆ, ಅನುಮತಿ ಪಡೆದ ವಿಳಾಸಗಳ ಪಟ್ಟಿಯನ್ನು ತೆರೆದಿಡುವ ಟೋಕನ್‌ಗಳಲ್ಲಿ ಯಾರು ಯಾರಿಗೆ ಎಷ್ಟು ಎಂಬುದು ಇಡೀ ಲೋಕಕ್ಕೆ ಕಾಣುತ್ತದೆ. ಅದರ ಬದಲು ಅನುಮತಿ ಪಡೆದವರನ್ನು ಮರ್ಕಲ್ ಟ್ರೀಯಲ್ಲಿಟ್ಟು (ಇಡೀ ಪಟ್ಟಿಯನ್ನು ರೂಟ್ ಎಂಬ ಒಂದೇ ಹ್ಯಾಶ್‌ಗೆ ಇಳಿಸುವ ರಚನೆ), "ನಾನು ಈ ಪಟ್ಟಿಯಲ್ಲಿದ್ದೇನೆ" ಎಂದು ತಾನು ಯಾರೆಂದು ಹೇಳದೆಯೇ ತೋರಿಸುವ ಶೂನ್ಯಜ್ಞಾನ ಪ್ರೂಫ್ ಕೊಡಿಸಬಹುದು. 20 ಹಂತದ ಟ್ರೀಗೆ 10,48,576 ಜನ ಹಿಡಿಯುತ್ತಾರೆ. ಗ್ರಾಥ್16 ಬಗೆಯ ಪ್ರೂಫ್ ಪರಿಶೀಲನೆಗೆ ಎಥೀರಿಯಂನಲ್ಲಿ ಸುಮಾರು 2 ಲಕ್ಷ ಗ್ಯಾಸ್ (ಅಲ್ಲಿನ ಶುಲ್ಕದ ಅಳತೆ). ಇಲ್ಲಿ ಎಡವುವುದು ಪಟ್ಟಿಯಿಂದ ತೆಗೆಯುವಾಗ. ಪ್ರೂಫ್ ತಯಾರಿಸುವಷ್ಟರಲ್ಲಿ ರೂಟ್ ಬದಲಾಗಬಹುದೆಂದು ಹಳೆಯ ಒಂದಷ್ಟು ರೂಟ್‌ಗಳನ್ನೂ ಒಪ್ಪುವ ಪದ್ಧತಿ ಇದೆ. ಠೇವಣಿಗಳನ್ನು ಬೆರೆಸಿ ಹಣದ ಮೂಲ ಮರೆಮಾಡುವ ಟೊರ್ನೇಡೊ ಕ್ಯಾಶ್‌ನಲ್ಲಿ 30 ರೂಟ್ ಇತ್ತು. ಅಲ್ಲಿ ಯಾರನ್ನೂ ತೆಗೆಯುವುದಿಲ್ಲವಾದ್ದರಿಂದ ಅದು ಸರಿ. ಅನುಮತಿ ಪಟ್ಟಿಗೆ ಅದನ್ನೇ ನಕಲು ಮಾಡಿದರೆ ನಿನ್ನೆ ತೆಗೆದವರು ಹಳೆಯ ರೂಟ್ ತೋರಿಸಿ ಇಂದೂ ಒಳಗೆ ಬರುತ್ತಾರೆ. ಯಾರನ್ನಾದರೂ ತೆಗೆದ ಕ್ಷಣವೇ ಹಿಂದಿನ ಎಲ್ಲ ರೂಟ್ ರದ್ದಾಗಬೇಕು.

ಟೊರ್ನೇಡೊ ಕ್ಯಾಶ್ ಕಥೆಯೂ ತಿಳಿದಿರಲಿ. 2022ರ ಆಗಸ್ಟ್‌ನಲ್ಲಿ ಅಮೆರಿಕ ನಿರ್ಬಂಧ ಹಾಕಿತು, 2024ರ ನವೆಂಬರ್‌ನಲ್ಲಿ ಅಲ್ಲಿನ ಫಿಫ್ತ್ ಸರ್ಕ್ಯೂಟ್ ಕೋರ್ಟ್ ಬದಲಿಸಲಾಗದ ಸ್ಮಾರ್ಟ್ ಕಾಂಟ್ರಾಕ್ಟ್ ಆಸ್ತಿಯಲ್ಲ ಎಂದಿತು, 2025ರ ಮಾರ್ಚ್‌ನಲ್ಲಿ ಪಟ್ಟಿಯಿಂದ ತೆಗೆದರು. ಆದರೂ ಅದರ ಡೆವಲಪರ್‌ಗಳು ತಪ್ಪಿತಸ್ಥರು ಎಂಬ ತೀರ್ಪುಗಳು ನೆದರ್ಲೆಂಡ್ಸ್‌ನಲ್ಲೂ ಅಮೆರಿಕದಲ್ಲೂ ಬಂದವು. ಅದೇ 2025ರ ಮಾರ್ಚ್ ಕೊನೆಗೆ ಎಥೀರಿಯಂನಲ್ಲಿ ಶುರುವಾದ ಪ್ರೈವಸಿ ಪೂಲ್ಸ್, ಹಣ ತೆಗೆಯುವವರು "ನನ್ನ ಠೇವಣಿ ಈ ಒಳ್ಳೆಯ ಠೇವಣಿಗಳ ಗುಂಪಿನದು" ಎಂದು ಯಾವುದೆಂದು ಹೇಳದೆಯೇ ತೋರಿಸುವ ದಾರಿ ಹಿಡಿದಿದೆ. ಯೋಚನೆ ನನಗೆ ಇಷ್ಟ. ನಿಮಗೆ ಒಗ್ಗದು, ಏಕೆಂದರೆ ಗುಂಪು ದೊಡ್ಡದಿದ್ದರೆ ಮಾತ್ರ ಅದು ಮರೆಯಾಗುತ್ತದೆ. ನಾಲ್ಕು ಸಂಸ್ಥೆ, ₹3,47,218 ಎಂಬಂಥ ಒಂದೊಂದು ಬಿಲ್‌ಗೂ ಬೇರೆ ಬೇರೆ ಮೊತ್ತ. ಮೊತ್ತ ನೋಡಿಯೇ ಗುರುತು ಹಿಡಿಯಬಹುದು.

ಬಿಲ್‌ಪುಸ್ತಕ

ಟೋಕನ್ ಸದ್ಯಕ್ಕೆ ಪಕ್ಕಕ್ಕಿಟ್ಟೆವು. ಕೊನೆಯದೊಂದು: ಹಣ ಬಿಟ್ಟ ಮೇಲೆ ಮಾಲೀಕರು ಇ-ಇನ್‌ವಾಯ್ಸ್ ರದ್ದು ಮಾಡಿದರೆ ಟ್ಯಾಗ್ ಏನಾಗಬೇಕು? ₹5 ಕೋಟಿಗಿಂತ ಕಡಿಮೆ ವಹಿವಾಟಿನವರಿಗೆ ಐಆರ್‌ಎನ್ನೇ ಇರುವುದಿಲ್ಲ, ಅವರದು?

ಕಡತ_ವಿಭಾಗ

ಐಆರ್‌ಎನ್ ರದ್ದತಿಗೆ ಪೋರ್ಟಲ್‌ನಲ್ಲಿ 24 ಗಂಟೆ ಮಾತ್ರ ಅವಕಾಶ, ರದ್ದಾದ ನಂಬರನ್ನು ಮತ್ತೆ ಬಳಸುವಂತಿಲ್ಲ. ಆದ್ದರಿಂದ ಬಂದ ಕೂಡಲೇ ಟ್ಯಾಗ್ ಬರೆದು ಬಿಲ್ಲನ್ನು ಹಿಡಿದಿಡಿ. 24 ಗಂಟೆ ಕಳೆದ ಮೇಲೆ ಪೋರ್ಟಲ್‌ನಲ್ಲಿ ಸ್ಥಿತಿ ಇನ್ನೊಮ್ಮೆ ನೋಡಿ ಹಣ ಬಿಡಿ. ಟ್ಯಾಗನ್ನು ಅಳಿಸುವ ಅಗತ್ಯ ಯಾವ ಸಂದರ್ಭದಲ್ಲೂ ಇಲ್ಲ, ರದ್ದಾದ ಬಿಲ್ ಮತ್ತೆ ಬರಬಾರದಷ್ಟೆ. ಐಆರ್‌ಎನ್ ಇಲ್ಲದವರಿಗೆ ಖರೀದಿದಾರರ ಒಪ್ಪಿಗೆಯೇ ಆಧಾರ. ಖರೀದಿದಾರರ ಜಿಎಸ್‌ಟಿಆರ್-2ಬಿಯಲ್ಲಿ (ಅವರ ಖರೀದಿ ಬಿಲ್‌ಗಳ ಜಿಎಸ್‌ಟಿ ಪಟ್ಟಿ) ಆ ಬಿಲ್ ಕಾಣಿಸಿಕೊಂಡ ಮೇಲೆ ಹಣ ಬಿಟ್ಟರೆ ಕ್ಷೇಮ. ಅಷ್ಟು ಕಾಯಲಾಗದಿದ್ದರೆ ಖರೀದಿದಾರರ ಲಿಖಿತ ಒಪ್ಪಿಗೆ ತರಿಸಿ, ಅದನ್ನು ನಿಮ್ಮ ಕಡತದಲ್ಲಿಡಿ.